ಮಣ್ಣಜ್ಜಿಯ ಕಣ್ಣಿಗೆ ಮೆತ್ತಿದ ಹಿಟ್ಟು

"ಮೇಡಂ, ಈ ನಕಲಿ ಮಾಡಿದವನು ರೊಟ್ಟಿ ತಿಂತಾ ಕೆಲಸ ಮಾಡ್ತಿದ್ನಾ ಹೇಗೆ?"

ನನ್ನ ಸಹಾಯಕ ಹೆ ಜುನ್ ಚಿಮುಟದ ತುದಿಯಲ್ಲಿ ಹಿಡಿದ ಚೂರನ್ನು ನನ್ನ ಮೂಗಿನ ಹತ್ತಿರ ತಂದ. ಸಾಸಿವೆ ಕಾಳಿಗಿಂತ ತುಸು ದೊಡ್ಡದು, ಒಣಗಿ ಕಲ್ಲಾಗಿತ್ತು. ಮಣ್ಣಜ್ಜಿಯ ಎಡಗಣ್ಣಿನ ತೂತಿನೊಳಗೆ ಕಚ್ಚಿಕೊಂಡಿದ್ದನ್ನು ಅವನೇ ಬಿಡಿಸಿ ತೆಗೆದಿದ್ದ.

ಠಾಣೆಯ ಮೇಜಿನ ಮೇಲೆ ಮಣ್ಣಜ್ಜಿ ನಿಂತಿದ್ದಳು. ಮೊಳದುದ್ದದ ಕೆಂಪು ಹೂಜಿ. ಬಾಯಿ ಇರಬೇಕಾದ ಕಡೆ ನೆತ್ತಿ ತೆರೆದ ಹೆಂಗಸಿನ ತಲೆ. ಹಣೆಗೆ ನೇರವಾಗಿ ಕತ್ತರಿಸಿದ ಮುಂಗೂದಲು, ತೂತಿನ ಕಣ್ಣು, ಏನೋ ಹೇಳಹೊರಟು ನಿಲ್ಲಿಸಿದ ಬಾಯಿ. ಬಲಗಿವಿ ಯಾವ ಕಾಲದಲ್ಲೋ ಮುರಿದಿದೆ. ಐದು ಸಾವಿರ ವರ್ಷದವಳು ಎಂದು ನಮ್ಮ ತಾಲೂಕಿನವರೆಲ್ಲ ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದೆವು.

ಹೋದ ವಾರ ಅದೂ ಮುಗಿಯಿತು. ಮ್ಯೂಸಿಯಂನ ಉಪನಿರ್ದೇಶಕ ಶಾವ್, ಪ್ರಾಂತ್ಯದಿಂದ ಬಂದ ದೊಡ್ಡವರ ಎದುರು ಒದ್ದೆ ಹತ್ತಿಯಿಂದ ಅವಳ ಕತ್ತಿನ ಕಪ್ಪು ಗೆರೆ ಒರೆಸಿದರು. ಹತ್ತಿ ಕಪ್ಪಾಯಿತು. "ಹಳೇ ಬಣ್ಣ ನೀರಿಗೆ ಬಿಡಲ್ಲ. ಅಸಲಿ ಹೋಗಿದೆ, ಇದು ನಕಲಿ" ಎಂದರು. ಗಾಜಿನ ಪೆಟ್ಟಿಗೆಯ ಬೀಗದ ಕೈ ಇದ್ದದ್ದು ಕಾವಲಿನ ಮುದುಕ ಮು ಷೆಂಗ್‌ತ್ಸಾಯ್ ಒಬ್ಬನ ಬಳಿ. ಅವನಿಗೆ ಕೋಳ ತೊಡಿಸಿದವಳು ನಾನು, ಇನ್‌ಸ್ಪೆಕ್ಟರ್ ಕೌ ಶಿಯುಪಿಂಗ್. ಅದೂ ತುಂಬಿದ ಸಂತೆಯಲ್ಲಿ.

ಚಿಕ್ಕಪ್ಪ, ಚಿಕ್ಕಪ್ಪ ಎಂದು ಕರೆದು ಬೆಳೆದ ಮನುಷ್ಯನಿಗೆ.

"ಕೊಡಿಲ್ಲಿ" ಎಂದು ಆ ಚೂರನ್ನು ಬೆರಳ ನಡುವೆ ಪುಡಿ ಮಾಡಿ ನಾಲಿಗೆಗೆ ಇಟ್ಟುಕೊಂಡೆ.

"ಛೀ ಮೇಡಂ! ಸಾಕ್ಷಿ ಅದು!"

"ಒಳಗೆ ಇನ್ನೂ ಒಂದು ಅಂಟಿದೆ, ಅದನ್ನ ಲಕೋಟೆಗೆ ಹಾಕು. ಬಾಯಿ ಮುಚ್ಚು."

ಗೋಧಿ ಹಿಟ್ಟು. ಅಗಸೆ ಎಣ್ಣೆಯ ಸಣ್ಣ ಕಹಿ. ನಾನು ಕಣ್ಣು ಮುಚ್ಚಿದೆ. ಗೊತ್ತಾಗಿತ್ತು. ಹೇಳಲು ನಾಚಿಕೆಯಾಯಿತು. ಹೆ ಜುನ್ ದಕ್ಷಿಣದ ಹುಡುಗ, ಮೂರು ಹೊತ್ತೂ ಅನ್ನ ತಿಂದು ಬೆಳೆದವನು. ನಮ್ಮ ಬೆಟ್ಟದ ಕಡೆಯವರ ನಂಬಿಕೆಗಳನ್ನು ಕೇಳಿದರೆ ಬಿದ್ದು ಬಿದ್ದು ನಗುತ್ತಾನೆ. ಠಾಣೆಯಲ್ಲಿ ಅವೆಲ್ಲ ನನಗೆ ಗೊತ್ತೇ ಇಲ್ಲ ಎಂಬಂತೆ ನಾನೂ ಇದ್ದುಬಿಟ್ಟಿದ್ದೆ.

"ನಗಬೇಡ," ಎಂದೆ. "ನಮ್ಮ ಶಿಯಾವಾನ್ ಹಳ್ಳೀಲಿ ಹೊಲ ಉಳುವಾಗ ಇಂಥವು ಸಿಗ್ತವೆ. ಎಲ್ಲ ಗೋರಿಯವು. ಮುಖ ಇರೋ ಮಡಕೆಯನ್ನ ಹಾಗೇ ಮನೆಯೊಳಗೆ ತರೋ ಹಾಗಿಲ್ಲ. ಹೊಸ್ತಿಲಾಚೆ ನಿಲ್ಲಿಸಿ ಕಣ್ಣಿಗೆ ಹಿಟ್ಟು ಮೆತ್ತಬೇಕು. ಮನೇಲಿ ಯಾರ್ಯಾರು ಇದಾರೆ ಅಂತ ಅವಳು ನೋಡಬಾರದು. ನೋಡಿದ್ರೆ ಯಾರನ್ನಾದ್ರೂ ಜೊತೆಗೆ ಕರ್ಕೊಂಡು ಹೋಗ್ತಾಳೆ ಅಂತ. ವಾಪಸ್ ಕಳಿಸುವಾಗ ಕಿತ್ತು ತೆಗೀತಾರೆ."

ಹೆ ಜುನ್ ನಗಲಿಲ್ಲ. ತಲೆ ಕೆರೆದುಕೊಂಡ. "ಆದ್ರೆ ಮೇಡಂ, ನಿಮ್ಮೂರಲ್ಲಿ ಮನೆಮನೇಲೂ ಇಂಥದ್ದೇ ನಕಲಿ ಮಾಡಿ ಮಾರ್ತಾರಲ್ಲ. ಅದಕ್ಕೆಲ್ಲ ದಿನಾ ಹಿಟ್ಟು ಮೆತ್ತುತಾ ಕೂರ್ತಾರಾ?"

"ಹುಚ್ಚಾ ನಿನಗೆ? ನಕಲಿಗೆ ಯಾರು ಹೆದರ್ತಾರೆ? ಅದ್ರಲ್ಲಿ ಚಮಚ ಇಡ್ತಾರೆ, ಬೆಳ್ಳುಳ್ಳಿ..."

ಹಾಗಾದರೆ ಇವಳ ಕಣ್ಣಿಗೆ ಹಿಟ್ಟು ಯಾಕೆ?

ನಾವಿಬ್ಬರೂ ಒಟ್ಟಿಗೇ ಮಣ್ಣಜ್ಜಿಯ ಕಡೆ ತಿರುಗಿದೆವು.

ನಾನು ಹತ್ತಿ ಒದ್ದೆ ಮಾಡಿಕೊಂಡು, ಶಾವ್ ಒರೆಸಿದ ಕಡೆಯೇ ಕತ್ತಿನ ಕಪ್ಪು ಗೆರೆಯನ್ನು ಉಜ್ಜಿದೆ. ಬಣ್ಣ ಬಂತು. ಇನ್ನೂ ಉಜ್ಜಿದೆ. ಮೇಲಿನ ಗೆರೆ ಪೂರ್ತಿ ಹೋಯಿತು, ಅದರಡಿಯಿಂದ ಇನ್ನೊಂದು ಗೆರೆ ಕಾಣಿಸಿತು. ಅದೇ ಜಾಗ, ಅದೇ ಬಳುಕು, ಸ್ವಲ್ಪ ಮಾಸಿದ್ದು. ಕೈ ನೋಯುವವರೆಗೆ ಉಜ್ಜಿದರೂ ಅದು ಬಿಡಲಿಲ್ಲ. ಹತ್ತಿ ಬೆಳ್ಳಗೇ ಉಳಿಯಿತು.

"ಅಂದ್ರೆ ಇದೇ..." ಹೆ ಜುನ್ ಹತ್ತಿಯನ್ನು ಬೆಳಕಿಗೆ ಹಿಡಿದ.

"ಇದೇ ಅಸಲಿ ಕಣೋ. ಮುಖಕ್ಕೆ ಬಣ್ಣ ಬಳಿದು ನಮ್ಮ ಮುಂದೆ ನಿಲ್ಸಿದಾರೆ. ದೊಡ್ಡ ಮನುಷ್ಯ ಹತ್ತಿ ತೋರಿಸ್ದ, ನಾವೆಲ್ಲ ಬಾಯಿ ಬಿಟ್ಕೊಂಡು ಹತ್ತೀನೇ ನೋಡಿದ್ವಿ."

"ಹಾಗಾದ್ರೆ ಮುದುಕ ಏನೂ ಕದ್ದಿಲ್ಲ!"

ಇಲ್ಲ. ಕದ್ದಿರಲಿಲ್ಲ. ಸಂತೆಯಲ್ಲಿ ಅವನ ತಲೆಯ ಮೇಲೆ ಯಾರೋ ಕೊಳೆತ ಎಲೆಕೋಸಿನ ಎಲೆ ಎಸೆದಿದ್ದರು. ನಾನು ತಡೆದಿರಲಿಲ್ಲ. ಅವನು ಒಮ್ಮೆಯೂ ನನ್ನನ್ನು ದೂರಿರಲಿಲ್ಲ. "ಮೆಲ್ಲಗೆ ನಡಿ ಪಿಂಗ್, ಮೊಣಕಾಲು ನೋವು" ಎಂದಷ್ಟೇ ಹೇಳಿದ್ದ. ಈಗ ನೆನೆದರೆ ಮುಖವೆಲ್ಲ ಬಿಸಿಯಾಗುತ್ತದೆ.

"ಇವತ್ತು ಮಧ್ಯಾಹ್ನ ಶಾವ್ ಇದನ್ನ ತಗೊಂಡು ಹೋಗೋಕೆ ಬರ್ತಾರೆ," ಹೆ ಜುನ್ ನೆನಪಿಸಿದ. "ನಮ್ಮ ಠಾಣೆ ಸಾಹೇಬ್ರು ಒಪ್ಪಿಗೆ ಕೊಟ್ಟಾಗಿದೆ. ನಕಲಿ ಹೇಗಿರುತ್ತೆ ಅಂತ ಜನಕ್ಕೆ ತೋರಿಸೋಕಂತೆ."

ಎಷ್ಟು ಸಲೀಸು! ಅಸಲಿಯನ್ನು ನಕಲಿ ಎನ್ನುವುದು, ದಾಖಲೆಯಿಂದ ಹೆಸರು ಹೊಡೆದುಹಾಕಿಸುವುದು, ಆಮೇಲೆ ಪೊಲೀಸರ ಕೈಯಿಂದಲೇ ಈಸಿಕೊಂಡು ಹೋಗುವುದು. ಯಾವ ದೇಶಕ್ಕೆ ಮಾರಿದರೂ ಕೇಳುವವರಿಲ್ಲ.

"ಈಗ್ಲೇ ಸಾಹೇಬ್ರಿಗೆ ಹೇಳೋಣ ಮೇಡಂ. ಮುದುಕನ್ನ ಬಿಡೋಣ. ಪಾಪ, ಠಾಣೆ ಊಟ ಮುಟ್ಟೋದೇ ಇಲ್ಲ. ನಿಮ್ಮಮ್ಮ ತಂದುಕೊಡೋ ರೊಟ್ಟಿ ಒಂದನ್ನೇ ತಿನ್ನೋದು. ಘಮ್ಮನ್ನುತ್ತೆ ಅದು, ಏನೋ ಹಸಿರು ಸೊಪ್ಪು ಹಾಕಿರ್ತಾರೆ."

ನನ್ನ ಕಣ್ಣು ತಾನಾಗಿಯೇ ಲಕೋಟೆಯ ಮೇಲೆ ಹೋಯಿತು. ಎರಡನೇ ಚೂರಿನಲ್ಲಿ ಹಸಿರು ಚುಕ್ಕೆಗಳಿದ್ದವು. ಒಣಗಿದ ಮೆಂತ್ಯಸೊಪ್ಪು.

ನಮ್ಮ ಕಡೆ ರೊಟ್ಟಿಗೆ ಎಲ್ಲರೂ ಮೆಂತ್ಯಸೊಪ್ಪು ಹಾಕುತ್ತಾರೆ. ಆದರೆ ಮಡಕೆಯ ಕಣ್ಣಿಗೆ ಮೆತ್ತುವ ಹಿಟ್ಟಿಗೆ? ನೀರಲ್ಲಿ ಕಲಸಿದ ಸಪ್ಪೆ ಹಿಟ್ಟು ಸಾಕು. ಇಡೀ ಶಿಯಾವಾನಿನಲ್ಲಿ ಒಬ್ಬಳೇ ಒಬ್ಬಳು ಅದಕ್ಕೂ ಎಣ್ಣೆ ಹಾಕಿ, ಸೊಪ್ಪು ಹಾಕಿ ಕಲಸುವವಳು. ನೆರೆಮನೆಯ ಹೆಂಗಸರು ಆಡಿಕೊಂಡರೆ, "ಅಷ್ಟು ದೂರದಿಂದ ಬಂದಿದಾಳೆ, ಸಪ್ಪೆ ಹಿಟ್ಟು ಕೊಡೋಕಾಗುತ್ತೇನ್ರೇ?" ಎನ್ನುವವಳು.

ನನ್ನ ಅಮ್ಮ.

ಲಕೋಟೆಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ. "ಸಾಹೇಬ್ರಿಗೆ ನಾನು ಬಂದ ಮೇಲೆ ಹೇಳೋಣ," ಎಂದೆ. ಹೆ ಜುನ್ ಹೂಂ ಎಂದ. ನನ್ನ ಮೇಲೆ ಅವನಿಗೆ ನಂಬಿಕೆ. ಅದಕ್ಕೇ ಅವನ ಮುಖ ನೋಡಲಾಗಲಿಲ್ಲ. ಮಣ್ಣಜ್ಜಿಯನ್ನು ನನ್ನ ಶಾಲಿನಲ್ಲಿ ಸುತ್ತಿ ಮುದ್ದೆಮಾಲು ಕೊಠಡಿಯಿಂದ ಹೊರತಂದೆ. ಯಾರಿಗೂ ಹೇಳಲಿಲ್ಲ, ಎಲ್ಲೂ ಸಹಿ ಹಾಕಲಿಲ್ಲ.

ಶಿಯಾವಾನಿನಲ್ಲಿ ಬಿಸಿಲು ಚೆನ್ನಾಗಿತ್ತು. ಎಲ್ಲರ ಅಂಗಳದಲ್ಲೂ ಹಸಿಮಣ್ಣಿನ ಮಡಕೆಗಳು ಸಾಲಾಗಿ ಒಣಗುತ್ತಿದ್ದವು. ಎಲ್ಲಕ್ಕೂ ಅದೇ ಮುಂಗೂದಲು, ಅದೇ ತೆರೆದ ಬಾಯಿ, ಬೇಕೆಂದೇ ಮುರಿದ ಬಲಗಿವಿ. ಪೊಲೀಸ್ ಗಾಡಿ ಕಂಡು ಹೆಂಗಸರು ಮಾತು ನಿಲ್ಲಿಸಿದರು. ಒಬ್ಬಳು ಬೇಕೆಂದೇ ಜೋರಾಗಿ, "ಈ ಸಲ ಯಾವ ಚಿಕ್ಕಪ್ಪನ್ನ ಹಿಡಿಯೋಕೆ ಬಂದಳೋ!" ಎಂದಳು. ನಾನು ಶಾಲಿನ ಗಂಟನ್ನು ಎದೆಗವಚಿಕೊಂಡು ಮನೆಯತ್ತ ನಡೆದೆ.

ಅಮ್ಮ ನಡುಮನೆಯಲ್ಲಿ ಮಣೆಯ ಮೇಲೆ ಹಿಟ್ಟು ನಾದುತ್ತಿದ್ದಳು. ಒಲೆಯ ಕೆಂಡದ ಮೇಲೆ ಪುಟ್ಟ ಕುಡಿಕೆಯಲ್ಲಿ ಚಹಾ ಕುದಿಯುತ್ತಿತ್ತು. ಕಿಟಕಿಯ ಕೆಳಗೆ ತಮ್ಮ ಬಾವೊಲಿನ್ ಮಾಡಿದ ನಕಲಿ ಮಣ್ಣಜ್ಜಿಯರು ನಿಂತಿದ್ದರು. ಒಬ್ಬಳ ತುಂಬ ಬೆಳ್ಳುಳ್ಳಿ, ಇನ್ನೊಬ್ಬಳ ತುಂಬ ಒಣಮೆಣಸಿನಕಾಯಿ. ಎಲ್ಲರ ಕಣ್ಣೂ ತೆರೆದೇ ಇತ್ತು.

"ಹೇಳದೆ ಕೇಳದೆ ಬಂದೆಯಲ್ಲ. ಶಾವಿಗೆಗೆ ಹಿಟ್ಟು ಒಬ್ಬಳಿಗೇ ಆಗೋಷ್ಟು ಕಲಸಿದೀನಿ," ಎಂದಳು ಅಮ್ಮ, ತಲೆ ಎತ್ತದೆ.

"ಬಾವೊಲಿನ್ ಎಲ್ಲಿ?"

"ಲಾನ್‌ಝೌಗೆ ಹೋಗಿದಾನೆ. ಬಣ್ಣ ತರೋಕೆ."

ನಾನು ಹೊಸ್ತಿಲಾಚೆಯೇ ನಿಂತು ಶಾಲು ಬಿಚ್ಚಿದೆ. ದನಿಯನ್ನು ಆದಷ್ಟು ಹಗುರ ಮಾಡಿಕೊಂಡೆ.

"ನೋಡಮ್ಮ, ಯಾರನ್ನ ಕರ್ಕೊಂಡು ಬಂದಿದೀನಿ. ಮ್ಯೂಸಿಯಂನ ನಕಲಿ. ಠಾಣೇಲಿ ಜಾಗ ಇಲ್ಲ, ನಿನ್ನ ಹತ್ರ ಇರ್ಲಿ. ಬೇಕಾದ್ರೆ ಈರುಳ್ಳಿ ತುಂಬ್ಸು."

ಹೇಳುತ್ತಲೇ ಒಳಗೆ ಕಾಲಿಟ್ಟೆ.

"ನಿಲ್ಲೇ ಅಲ್ಲೇ!"

ಅಮ್ಮ ಹಾಗೆ ಕೂಗಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಮಣೆಯ ಮೇಲಿನ ಹಿಟ್ಟಿನಿಂದ ಎರಡು ಚಿಟಿಕೆ ಕಿತ್ತುಕೊಂಡು, ಡಬ್ಬದಲ್ಲಿದ್ದ ಸೊಪ್ಪಿನ ಪುಡಿಗೆ ಹೊರಳಿಸಿ, ಎಣ್ಣೆ ಮುಟ್ಟಿಸಿ, ಓಡುತ್ತಲೇ ಬಂದಳು. ಎರಡೂ ಹೆಬ್ಬೆರಳಿನಿಂದ ಮಣ್ಣಜ್ಜಿಯ ಕಣ್ಣಿಗೆ ಒತ್ತಿದಳು. "ಕೋಪ ಮಾಡ್ಕೋಬೇಡ ತಾಯಿ, ಒಂದು ಗಳಿಗೆ, ಒಂದೇ ಗಳಿಗೆ" ಎಂದು ಗೊಣಗುತ್ತಿದ್ದಳು.

ಎಡಗಣ್ಣು ಮುಚ್ಚಿತು. ಬಲಗಣ್ಣು ಮುಚ್ಚುವಷ್ಟರಲ್ಲಿ ಅವಳ ಬೆರಳು ನಿಂತಿತು.

ತಲೆ ಎತ್ತಿ ನನ್ನ ಮುಖ ನೋಡಿದಳು. ಆಮೇಲೆ ಕಿಟಕಿಯ ಕೆಳಗಿನ ಬೆಳ್ಳುಳ್ಳಿ ಮಡಕೆಯನ್ನು ನೋಡಿದಳು.

"ಊರಿಗೆಲ್ಲ ಇದು ನಕಲಿ ಅಮ್ಮ," ಎಂದೆ. "ಪ್ರಾಂತ್ಯದವರಿಗೂ ನಕಲಿ. ನಿನಗೊಬ್ಬಳಿಗೆ ಯಾಕೆ ಹೆದರಿಕೆ?"

"ನನ್ನನ್ನೇ ಪರೀಕ್ಷೆ ಮಾಡೋಕೆ ಬಂದ್ಯಾ?"

"ಹೂಂ."

"ನಾಚಿಕೆ ಆಗಲ್ವೇನೇ ನಿನಗೆ?"

ಆಗುತ್ತಿತ್ತು. ಹೆತ್ತವಳ ಭಯಭಕ್ತಿಗೇ ಬಲೆ ಬೀಸಿ ಅವಳನ್ನು ಹಿಡಿದಿದ್ದೆ. ಅಪ್ಪ ಹೊಲದಲ್ಲಿ ಸಿಕ್ಕ ಮಡಕೆ ಹಿಡಿದು ಇದೇ ಹೊಸ್ತಿಲಲ್ಲಿ ನಿಲ್ಲುತ್ತಿದ್ದ. ಅಮ್ಮ ಹೀಗೇ ಓಡಿ ಬರುತ್ತಿದ್ದಳು. ನಾನು ಅವಳ ಏಪ್ರನ್‌ನ ಹಿಂದಿನಿಂದ ಇಣುಕುತ್ತಿದ್ದೆ. ಅದೇ ನೆನಪನ್ನು ಈಗ ಸಾಕ್ಷಿ ಮಾಡಿಕೊಂಡೆನಲ್ಲ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಆದರೂ ಕೇಳಿದೆ. "ಇವಳು ಈ ಮನೆಗೆ ಮೊದಲೂ ಬಂದಿದ್ದಳು. ಯಾರು ತಂದರು?"

ಅಮ್ಮ ಬಲಗಣ್ಣನ್ನೂ ಸರಿಯಾಗಿ ಮುಚ್ಚಿ, ಮಡಕೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ತಂದು ಮಣೆಯ ಪಕ್ಕ ಕೂರಿಸಿದಳು. ಆಮೇಲೆ ತಾನೂ ಕುಸಿದು ಕೂತಳು.

"ಷೆಂಗ್‌ತ್ಸಾಯ್ ತಂದ."

"ಚಿಕ್ಕಪ್ಪನಾ?"

"ಮಗು ಎತ್ಕೊಂಡ ಹಾಗೆ ಎತ್ಕೊಂಡು ಬಂದ ಪಾಪ. ಹಬ್ಬಕ್ಕೆ ಪ್ರದರ್ಶನ ಇದೆ, ಗೆರೆ ಮಾಸಿದೆ, ಕೌ ಮನೆ ಹುಡುಗನ ಕೈ ಚೊಕ್ಕ, ಸ್ವಲ್ಪ ತಿದ್ದಿಸಿಕೊಂಡು ಬಾ ಅಂತ ಆ ಶಾವ್ ಹೇಳಿದ್ನಂತೆ. ಪ್ರಾಂತ್ಯದವರಿಗೆ ಗೊತ್ತಾದ್ರೆ ಬೈತಾರೆ, ಯಾರಿಗೂ ಹೇಳಬೇಡ ಅಂತಾನೂ ಹೇಳಿದ್ನಂತೆ. ಮೇಲಿನವರು ಹೇಳಿದ್ದನ್ನ ಮಾಡಿದ ಅವನು. ಮಾರನೇ ದಿನ ತಾನೇ ಬಂದು ವಾಪಸ್ ತಗೊಂಡು ಹೋದ."

"ಬಾವೊಲಿನ್ ಬಣ್ಣ ಹಚ್ಚಿದ."

"ಹಚ್ಚಿದ. ತಿದ್ದೋದು ಅಂತಾನೇ ಹಚ್ಚಿದ. ಅವನಿಗೇನು ಗೊತ್ತು?"

"ನೀರಿಗೆ ಬಿಡೋ ಬಣ್ಣ ಹಚ್ಚಿದ್ನಲ್ಲಮ್ಮ! ಹತ್ತು ವರ್ಷದಿಂದ ಮಡಕೆಗೆ ಬಣ್ಣ ಹಚ್ಚೋನು. ನಮ್ಮ ಕಿಟಕಿ ಕೆಳಗಿರೋ ಬೆಳ್ಳುಳ್ಳಿ ಮಡಕೆ ಬಣ್ಣಾನೂ ನೀರಿಗೆ ಬಿಡಲ್ಲ!"

ಅಮ್ಮ ಹಿಟ್ಟಿನ ಉಂಡೆಯನ್ನು ಸುಮ್ಮನೆ ಹಿಸುಕುತ್ತಿದ್ದಳು. ಅವಳಿಗೂ ಅದು ಗೊತ್ತಿತ್ತು. ಎಷ್ಟು ದಿನದಿಂದ ಅದನ್ನೇ ಯೋಚಿಸುತ್ತಿದ್ದಳೋ.

"ನೀನು ಸಂತೇಲಿ ಷೆಂಗ್‌ತ್ಸಾಯ್‌ಗೆ ಕೋಳ ಹಾಕ್ದಾಗ ನಾನಲ್ಲೇ ಇದ್ದೆ ಪಿಂಗ್," ಎಂದಳು. "ಸೊಪ್ಪು ಆರಿಸ್ತಿದ್ದೆ. ಅವನು ನನ್ನ ನೋಡ್ದ. 'ಕೇಳಿ ಈ ಅತ್ತಿಗೇನ' ಅಂದಿದ್ರೆ ಸಾಕಿತ್ತು, ಅಲ್ಲೇ ಬಿಡುಗಡೆ ಆಗೋದು. ಹೇಳ್ಲಿಲ್ಲ. ಮುಖ ತಿರುಗಿಸ್ಕೊಂಡು ಹೋದ."

"ನೀನು?"

"ನಾನು ಸೊಪ್ಪು ಕೊಂಡು ಮನೆಗೆ ಬಂದೆ."

ಅಮ್ಮ ಏಪ್ರನ್‌ನಿಂದ ಮುಖ ಮುಚ್ಚಿಕೊಂಡಳು. ಅಳುವ ಸದ್ದು ಬರಲಿಲ್ಲ, ಭುಜ ಮಾತ್ರ ಅಲುಗುತ್ತಿತ್ತು. ಊರಿನಲ್ಲಿ ಯಾರಿಗೂ ತಲೆ ತಗ್ಗಿಸದ ಹೆಂಗಸು ಅವಳು. ನನ್ನೆದುರು ತಗ್ಗಿಸಿದಳು.

"ಆಮೇಲೆ ದಿನಾ ರೊಟ್ಟಿ ತಗೊಂಡು ಬಂದೆ," ಎಂದೆ. ನನ್ನ ಮಾತು ನನಗೇ ಒರಟಾಗಿ ಕೇಳಿಸಿತು. "ನಾನು ಎಲ್ಲರ ಹತ್ರ ಹೇಳ್ಕೊಂಡು ಓಡಾಡಿದೆ, ನಮ್ಮಮ್ಮನ ಮನಸ್ಸು ದೊಡ್ಡದು ಅಂತ."

"ಚುಚ್ಚಬೇಡ ಕಣೇ. ಮೊದಲ ದಿನಾನೇ ಅವನ ಕಾಲು ಹಿಡ್ಕೊಂಡೆ, ಬಾವೊಲಿನ್ ಹೆಸರು ಎತ್ತಬೇಡಪ್ಪಾ ಅಂತ. ಹುಡುಗನಿಗೆ ಮದುವೆ ಗೊತ್ತಾಗಿದೆ, ಜೈಲಿಗೆ ಹೋದ ಅಂದ್ರೆ ಮುಗೀತು ಅಂತ. ಷೆಂಗ್‌ತ್ಸಾಯ್ ಏನಂದ ಗೊತ್ತಾ? 'ಏಳಿ ಅತ್ತಿಗೆ, ನೆಲ ತಣ್ಣಗಿದೆ' ಅಂದ. ಅಷ್ಟೇ."

"ನನಗಾದ್ರೂ ಹೇಳಬಹುದಿತ್ತಲ್ಲಮ್ಮ!"

"ಹೇಳಿದ್ರೆ ಏನು ಮಾಡ್ತಿದ್ದೆ? ತಮ್ಮನ್ನ ಬಿಡ್ತಿದ್ದೆಯಾ? ಇಲ್ಲ ಷೆಂಗ್‌ತ್ಸಾಯ್‌ನ ಬಿಡ್ತಿದ್ದೆಯಾ? ಈಗ ಹೇಳು, ಗೊತ್ತಾಯ್ತಲ್ಲ. ಹೇಳು!"

ನಾನು ಜೇಬಿನೊಳಗಿನ ಲಕೋಟೆಯನ್ನು ಮುಟ್ಟಿ ನೋಡಿಕೊಂಡೆ. ಅದನ್ನು ಮೇಜಿನ ಮೇಲೆ ಬಿಡದೆ ಜೇಬಿಗೆ ಇಳಿಸಿದಾಗಲೇ ನಾನು ಉತ್ತರ ಕೊಟ್ಟಿದ್ದೆ. ತಾಯಿಗೂ ಮಗಳಿಗೂ ಏನು ವ್ಯತ್ಯಾಸ?

ಫೋನ್ ಬಡಿದುಕೊಂಡಿತು. ಹೆ ಜುನ್. ಪಿಸುಮಾತು.

"ಮೇಡಂ, ಮುದುಕ ಒಪ್ಕೊಂಡುಬಿಟ್ಟ! ಕದ್ದಿದ್ದು ನಾನೇ, ಹೆದರಿಕೆ ಆಗಿ ಅಸಲೀನ ನದಿಗೆ ಎಸೆದುಬಿಟ್ಟೆ ಅಂತ ಹೇಳಿಕೆ ಕೊಟ್ಟು ಹೆಬ್ಬೆಟ್ಟು ಒತ್ತಿದ."

"ಏನಂತ? ಅಸಲಿ ನನ್ನ ಎದುರಿಗೇ ಇದೆ ಕಣೋ!"

"ಅದೇ ಎಡವಟ್ಟಾಗಿರೋದು. ಶಾವ್ ಬೇಗ ಬಂದ್ರು. ಕೊಠಡೀಲಿ ಮಡಕೆ ಇಲ್ಲ. ಸಾಹೇಬ್ರು ಕೂಗಾಡಿದ್ರು, ಯಾರು ತಗೊಂಡು ಹೋದ್ರು ಅಂತ. ನಾನು... ತಪ್ಪಾಯ್ತು ಮೇಡಂ, ನನ್ನ ಬಾಯಲ್ಲಿ ಸುಳ್ಳು ಬರ್ಲಿಲ್ಲ. ಇಬ್ರೂ ಒಂದೇ ಗಾಡೀಲಿ ನಿಮ್ಮೂರಿಗೇ ಹೊರಟು ಆಗ್ಲೇ ತುಂಬ ಹೊತ್ತಾಯ್ತು. ಫೋನ್ ಮಾಡೋಕೆ ಈಗಷ್ಟೇ ಬಿಟ್ರು."

"ಮುದುಕ ಇದ್ದಕ್ಕಿದ್ದ ಹಾಗೆ ಯಾಕೆ ಒಪ್ಕೊಂಡ?"

"ಗೊತ್ತಿಲ್ಲ. ಬೆಳಿಗ್ಗೆ ನಿಮ್ಮಮ್ಮ ಬಂದು ಮಾತಾಡಿಸಿ ಹೋದ್ರಲ್ಲ, ಅದಾದ ಮೇಲೆ."

ಫೋನ್ ಕೆಳಗಿಟ್ಟೆ. "ಬೆಳಿಗ್ಗೆ ಅವನಿಗೆ ಏನು ಹೇಳ್ದೆ ಅಮ್ಮ?"

ಅಮ್ಮ ಕೈಗಂಟಿದ ಹಿಟ್ಟನ್ನು ಏಪ್ರನ್‌ಗೆ ಒರೆಸಿಕೊಂಡಳು. "ಪಿಂಗ್ ಮೂಸಿ ನೋಡ್ತಿದಾಳೆ, ಬಿಡೋ ಜಾತಿ ಅಲ್ಲ, ಇವತ್ತಲ್ಲ ನಾಳೆ ಮನೆಗೆ ಬರ್ತಾಳೆ ಅಂದೆ. ಬೇರೇನೂ ಕೇಳ್ಲಿಲ್ಲ ಕಣೇ. ನಿನ್ನಾಣೆ, ಬೇರೇನೂ ಕೇಳ್ಲಿಲ್ಲ."

ಕೇಳುವ ಅಗತ್ಯವಿರಲಿಲ್ಲ. ಕೇಳದೆಯೇ ಕೊಡುವವನು ಅವನು.

ಹೊರಗೆ ಗಾಡಿ ನಿಂತ ಸದ್ದಾಯಿತು. ನಾನು ನಡುಮನೆಯನ್ನು ಹೊರಗಿನವಳ ಕಣ್ಣಿನಿಂದ ನೋಡಿದೆ. ಕದ್ದವನು ಅಸಲಿ ನದಿ ಪಾಲಾಯಿತು ಎಂದಿದ್ದಾನೆ. ನಕಲಿ ಎನ್ನಿಸಿಕೊಂಡ ಮಡಕೆ ಪೊಲೀಸ್ ಕೊಠಡಿಯಿಂದ ಮಾಯವಾಗಿ ಇನ್‌ಸ್ಪೆಕ್ಟರಳ ತವರಿನಲ್ಲಿ ಕೂತಿದೆ. ಪಕ್ಕದಲ್ಲಿ ತಮ್ಮನ ಬಣ್ಣದ ಡಬ್ಬಗಳು. ಕಣ್ಣಿನಲ್ಲಿ ಅಮ್ಮನ ಹಿಟ್ಟು. ಇದನ್ನು ನೋಡಿದ ಯಾವ ಪೊಲೀಸಿನವನಾದರೂ ಕೌ ಮನೆಯವರೇ ಕಳ್ಳರು ಎನ್ನುತ್ತಾನೆ. ನಾನಾಗಿದ್ದರೂ ಹಾಗೇ ಅನ್ನುತ್ತಿದ್ದೆ.

"ಅಕ್ಕಾ! ಅಕ್ಕಾ, ಮನೇಲಿದೀರಾ?" ಹೊರಬಾಗಿಲಲ್ಲಿ ಶಾವ್‌ನ ಬೆಣ್ಣೆಯಂಥ ದನಿ. ಅದರ ಹಿಂದೆ ನಮ್ಮ ಸಾಹೇಬರ ಬಿರುಸಾದ ಕೆಮ್ಮು.

ಅಮ್ಮ ಗಕ್ಕನೆ ತಲೆ ಎತ್ತಿದಳು. "ಆವತ್ತೂ ಹೀಗೇ ಕರೆದಿದ್ದ."

"ಯಾವತ್ತು?"

"ಇವಳು ಇಲ್ಲಿದ್ದ ದಿನ. ಸಾಯಂಕಾಲ ಬಂದ. ಬಾವೊಲಿನ್ ಪಕ್ಕ ಕೂತು, ತನ್ನ ಜೇಬಿಂದಾನೇ ಒಂದು ಬಣ್ಣದ ಶೀಶೆ ತೆಗೆದು ಕೊಟ್ಟ. ಇದನ್ನೇ ಹಚ್ಚು ಅಂದ. ಶೀಶೆ ಇಲ್ಲೇ ಉಳೀತು."

"ಇದನ್ನ ಯಾರ್ಯಾರು ನೋಡಿದಾರೆ?"

"ಇವಳ ಕಣ್ಣು ಮುಚ್ಚಿದ್ದೆ," ಎಂದಳು ಅಮ್ಮ, ಮಣ್ಣಜ್ಜಿಯ ತಲೆ ಸವರುತ್ತ. "ನೋಡಿದವರು ನಾವಿಬ್ರೇ, ನಾನು ಮತ್ತೆ ನನ್ನ ಮಗ."

ಹೊರಬಾಗಿಲನ್ನು ದಡದಡ ಬಡಿದ ಸದ್ದಾಯಿತು. "ಕೌ ಶಿಯುಪಿಂಗ್! ಒಳಗಿದೀಯ ಅಂತ ಗೊತ್ತು. ಬಾಗಿಲು ತೆಗಿ!" ಈ ಸಲ ಸಾಹೇಬರದೇ ದನಿ.

ಅಮ್ಮ ಎರಡೂ ಹೆಬ್ಬೆರಳಿನಿಂದ ಮಣ್ಣಜ್ಜಿಯ ಕಣ್ಣಿನ ಹಿಟ್ಟನ್ನು ಕಿತ್ತು ತೆಗೆದಳು. ಗೋರಿಯ ಮಡಕೆ ಮನೆಯೊಳಗಿರುವಾಗ ಅವಳು ಹಾಗೆ ಮಾಡಿದ್ದನ್ನು ನಾನು ಈವರೆಗೆ ನೋಡಿರಲಿಲ್ಲ.

"ಹೋಗು, ತೆಗಿ," ಎಂದಳು. "ಮನೇಲಿ ಯಾರ್ಯಾರು ಇದೀವಿ ಅಂತ ಇವಳೂ ನೋಡ್ಲಿ. ಕರ್ಕೊಂಡು ಹೋಗೋದಿದ್ರೆ ನನ್ನನ್ನೇ ಕರ್ಕೊಂಡು ಹೋಗ್ಲಿ."

ನಾನು ಅಂಗಳಕ್ಕಿಳಿದು ಅಗುಳಿಗೆ ಕೈ ಹಾಕಿದೆ. ಹಿಂದಿನಿಂದ ಅಮ್ಮನ ದನಿ ಇನ್ನೊಮ್ಮೆ ಕೇಳಿಸಿತು. ಅದು ನನ್ನನ್ನು ಕರೆದದ್ದಾಗಿರಲಿಲ್ಲ.

"ಬಾವೊಲಿನ್! ಅವಿತುಕೊಂಡಿದ್ದು ಸಾಕು. ಹೊರಗೆ ಬಾ. ಬಂದು ಆ ಶೀಶೆ ತೋರಿಸು."

ಲಾನ್‌ಝೌಗೆ ಹೋಗಿದ್ದ ನನ್ನ ತಮ್ಮನ ಕೋಣೆಯಲ್ಲಿ ಏನೋ ಉರುಳಿತು. ಆಮೇಲೆ ಹಿಂಬದಿಯ ಕಿಟಕಿಯ ಚಿಲಕ ಸರಿದ ಸದ್ದಾಯಿತು.